ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸಡಿಲ: ಅಜ್ಜನ ರೇಡಿಯೋದ ನಾಬ್

ಪ್ರಶ್ನೆ: ನಮಸ್ಕಾರ ಸರ್. ಮನೇಲಿ ಅಜ್ಜನ ಕಾಲದ ವಾಲ್ವ್ ರೇಡಿಯೋ ಇದೆ, ಟ್ಯೂನಿಂಗ್ ನಾಬ್ ತುಂಬಾ ಬಿಗಿ. ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟೆ, ಸ್ವಲ್ಪ ದಿನ ಚೆನ್ನಾಗಿ ತಿರುಗ್ತು, ಈಗ ಚಳಿ ಶುರುವಾದ್ಮೇಲೆ ಬೆಳಿಗ್ಗೆ ಹೊತ್ತು ಅಲ್ಲಾಡೋದೇ ಇಲ್ಲ, ಮಧ್ಯಾಹ್ನ ಪರವಾಗಿಲ್ಲ. ಇನ್ನಷ್ಟು ಎಣ್ಣೆ ಹಾಕ್ಲಾ, ಇಲ್ಲಾ ಡಬ್ಲ್ಯೂಡಿ-40 ಸ್ಪ್ರೇ ಹೊಡೀಲಾ?
(ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ಎರಡೂ ಬೇಡ, ದಯವಿಟ್ಟು. ಕಾರಣ ನಿಮ್ಮ ಪ್ರಶ್ನೇಲೇ ಇದೆ ನೋಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ನಿಮ್ಮೂರ ಚಳಿಗಾಲದ ಬೆಳಿಗ್ಗೆ ಬಾಟ್ಲೀಲಿ ಆಗೋದೇ ರೇಡಿಯೋ ಒಳಗೂ ಆಗ್ತಿದೆ. ಅದರ ಕೆಳಗೆ ಹತ್ತಾರು ವರ್ಷದ ಹಳೇ ಗ್ರೀಸು ಒಣಗಿ ಮೇಣ ಆಗಿ ಕೂತಿರತ್ತೆ. ಬಿಗಿ ಆಗಿರೋದು ಎಣ್ಣೆ ಇಲ್ದೆ ಅಲ್ಲ, ಹಳೇದು ಹೋಗ್ದೆ. ಮೊದಲು ಅದನ್ನ ತೆಗೀಬೇಕು.

ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತಿಡಿ. ಕೆಲವು ಎಸಿ-ಡಿಸಿ ಸೆಟ್‌ಗಳಲ್ಲಿ (ಎರಡೂ ಥರದ ಕರೆಂಟಲ್ಲಿ ನಡೆಯೋವು) ಚಾಸಿಗೇ, ಅಂದ್ರೆ ಒಳಗಿನ ಲೋಹದ ಚೌಕಟ್ಟಿಗೇ, ಕರೆಂಟ್ ಬರತ್ತೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರ್‌ಗಳಲ್ಲಿ ಚಾರ್ಜ್ ಉಳಿದಿರತ್ತೆ, ಅದನ್ನ ರೇಡಿಯೋ ಕೆಲಸ ಗೊತ್ತಿರೋರ ಕೈಲಿ ಖಾಲಿ ಮಾಡಿಸ್ಕೊಳ್ಳಿ.

ಆಮೇಲೆ ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹಿಡಿಯೋಕೆ ನಾಬ್ ಜೊತೆ ತಿರುಗೋ ತಗಡುಗಳ ಸಾಲು) ಮೇಲಿನ ದೊಡ್ಡ ಚಕ್ರಾನ ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಅದು ಸಲೀಸಾಗಿ ತಿರುಗಿದ್ರೆ ಗ್ಯಾಂಗ್ ಚೆನ್ನಾಗಿದೆ, ಬಿಗಿ ಇರೋದು ನಾಬಿನ ಕಡ್ಡಿ ತೂರೋ ಬುಷ್‌ನಲ್ಲಿ, ಹೆಚ್ಚಿನ ಸಲ ಇಲ್ಲೇ ಇರತ್ತೆ. ಜಿಡ್ಡು ಬಿಡಿಸೋ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ತೊಟ್ಟು ಆ ಸಂದಿಗೆ ಬಿಟ್ಟು ಐದು ನಿಮಿಷ ಕಾಯಿರಿ, ನಾಬ್ ಹಿಂದೆ ಮುಂದೆ ಆಡಿಸಿ, ಕಾಫಿ ಗಷ್ಟಿನ ಥರ ಕಂದು ರಸ ಹೊರಗೆ ಬರತ್ತೆ, ಇಯರ್ ಬಡ್‌ನಲ್ಲಿ ಒರೆಸಿ, ಮತ್ತೆ ಬಿಡಿ. ಬಡ್ ಬೆಳ್ಳಗೆ ಬರೋ ತನಕ ನಿಲ್ಲಿಸಬೇಡಿ, ಹತ್ತು ಸಲ ಆದ್ರೂ ಸರಿ. ಚೆನ್ನಾಗಿ ಒಣಗಿದ್ಮೇಲೆ ಹೊಲಿಗೆ ಮೆಷಿನ್ ಎಣ್ಣೆ, ಸೂಜಿ ತುದೀಲಿ ನಿಲ್ಲೋ ಅಷ್ಟು, ಒಂದೇ ಹನಿ.

ಗ್ಯಾಂಗೇ ಬಿಗಿ ಇದ್ರೆ ಅದರ ತಗಡುಗಳನ್ನ ಪೂರ್ತಿ ಒಳಗೆ ಮುಚ್ಚಿಟ್ಟು ಕೆಲಸ ಮಾಡಿ, ಒಂದು ತಗಡು ಬಾಗಿದ್ರೂ ಪಕ್ಕದ್ದಕ್ಕೆ ತಾಗತ್ತೆ. ಮುಂದಿನ ಬೇರಿಂಗ್‌ನ ಸಣ್ಣ ಗುಂಡುಗಳನ್ನ ಹೀಗೇ ತೊಳೆದು ಚೂರು ಬಿಳಿ ಲಿಥಿಯಂ ಗ್ರೀಸ್ ಸವರಿ. ಹಿಂದಿನ ಸ್ಕ್ರೂ ಮಾತ್ರ ಮುಟ್ಟಬೇಡಿ, ತಗಡುಗಳ ನಡುವಿನ ಸಂದಿ ಅದರ ಮೇಲೇ ನಿಂತಿದೆ. ಗ್ಯಾಂಗಿನ ಕಡ್ಡಿಗೆ ಒತ್ತಿಕೊಂಡಿರೋ ಹಿತ್ತಾಳೆ ಬಣ್ಣದ ಸ್ಪ್ರಿಂಗನ್ನೂ ಆಲ್ಕೋಹಾಲಲ್ಲಿ ಒರೆಸಿ, ಟ್ಯೂನ್ ಮಾಡುವಾಗ ಕರಕರ ಅನ್ನೋದು ಅದರ ಕೊಳೆಯಿಂದಲೂ ಇರಬಹುದು.

ನಾಬಿನಿಂದ ಮುಳ್ಳನ್ನ ಎಳೆಯೋ ಡಯಲ್ ದಾರಕ್ಕೆ ಎಣ್ಣೆ ಸೋಕಲೇಬಾರದು, ಅದು ಒಣಗಿದ್ರೇನೇ ನಾಬಿನ ಕಡ್ಡಿ ಹಿಡಿಯೋದು, ಜಿಡ್ಡಾದ್ರೆ ನಾಬ್ ತಿರುಗತ್ತೆ, ಮುಳ್ಳು ಕದಲಲ್ಲ. ಡಬ್ಲ್ಯೂಡಿ-40 ಬೇಡ ಅಂದಿದ್ದೂ ಇದಕ್ಕೇ, ಸ್ಪ್ರೇ ಹೊಡೆದ್ರೆ ದಾರ, ತಗಡು, ಬ್ಯಾಂಡ್ ಸ್ವಿಚ್ ಎಲ್ಲಾ ಕಡೆ ಹಾರತ್ತೆ. ಇನ್ನು ಡಯಲ್ ಗಾಜಿನ ಹಿಂದಿನ ಅಕ್ಷರಗಳಿಗೆ ಆಲ್ಕೋಹಾಲ್ ತಾಗಿಸಲೇಬೇಡಿ, ಒಂದೇ ಒರೆತಕ್ಕೆ ಊರುಗಳ ಹೆಸರೆಲ್ಲಾ ಬಟ್ಟೆಗೆ ಬಂದುಬಿಡಬಹುದು, ಆಮೇಲೆ ಅಜ್ಜ ಮುಳ್ಳು ನಿಲ್ಲಿಸ್ತಿದ್ದ ಜಾಗ ನಿಮಗೆ ಸಿಗಲ್ಲ.