ಸರ್ಕಾರವೇ ಬೇಡ ಅನ್ನುವವರು ಅದನ್ನು ತಮ್ಮಿಂದಲೇ ಶುರು ಮಾಡಬಹುದಾ?

ಅಣ್ಣನ ಜೊತೆ ಜಮೀನು ಪಾಲಾಗುತ್ತಿದೆ, ಸರ್ಕಾರದ ಮುದ್ರೆ ಯಾಕೆ, ಮನೆಯಲ್ಲೇ ಬರೆದುಕೊಂಡು ನಮ್ಮಿಂದಲೇ ಶುರು ಮಾಡೋಣ ಅಂದಿದ್ದೀರಿ. ನಾನು ಶುರು ಮಾಡಿದ್ದೆ. 2012ರಲ್ಲಿ, ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ.

ನನಗೆ ಸರ್ಕಾರದ ಮೇಲೆ ಸಿಟ್ಟು ಬಂದಿದ್ದು ಅಪ್ಪನಿಂದ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಬೋರ್ಡೇ ಮಾರುವ ರಾಶಿಗೇ, ಹಾಕಬೇಕಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ನಾವು ಬೆಳೆದದ್ದನ್ನು ನಾವೇ ಮಾರಿದರೆ ಕಳ್ಳತನದ ಲೆಕ್ಕ! ತೊಂಬತ್ತರ ದಶಕದಲ್ಲಿ ಸ್ವಲ್ಪ ಸ್ವಲ್ಪ ಸಡಿಲ ಮಾಡಿ, 1996ರಲ್ಲಿ ಪೂರ್ತಿ ಬಿಟ್ಟರು. ಆಮೇಲೆ ನನ್ನ ಕೈಗೆ ರಾಥ್‌ಬಾರ್ಡ್ ಅನ್ನುವ ಅರ್ಥಶಾಸ್ತ್ರಜ್ಞನ ಬರಹ ಸಿಕ್ಕಿತು. ತೆರಿಗೆ ಅಂದರೆ ದರೋಡೆ, ಪೊಲೀಸು ಕೋರ್ಟುಗಳನ್ನೂ ಖಾಸಗಿಯವರೇ ನಡೆಸಬಹುದು ಅನ್ನುತ್ತಾನೆ. ಅಪ್ಪ ಜಗಲಿಯಲ್ಲಿ ಗೊಣಗುತ್ತಿದ್ದದ್ದನ್ನೇ ಅಮೆರಿಕದವನೊಬ್ಬ ಅಚ್ಚು ಹಾಕಿಸಿದ್ದಾನೆ ಅನಿಸಿತು.

ಪಿಕಪ್ ಬರಲು ದಾರಿ ಬೇಕಿತ್ತು. ಪಕ್ಕದ ತೋಟದ ಹಿರಿಯರಿಂದ 12 ಗುಂಟೆ ಕೊಂಡೆ. ದೊಡ್ಡಪ್ಪ ಅಂತಲೇ ಕರೆಯುತ್ತಿದ್ದೆವು. "ಮೂಡಿಗೆರೆಗೆ ಹೋಗಿ ರಿಜಿಸ್ಟರ್ ಮಾಡ್ಸಿಬಿಡಣ ಮಗಾ" ಅಂತ ಅವರೇ ಹೇಳಿದರು. ನಾನೇ ಬೇಡ ಅಂದೆ.

ಇದನ್ನು ಬಿಡಿಸಿ ಹೇಳಬೇಕು. ಸ್ಟಾಂಪ್ ಡ್ಯೂಟಿ ಉಳಿಸಲು ಹೋಗಿ ಕೆಟ್ಟ ಅಂತ ಊರಿನವರು ಈಗಲೂ ಆಡಿಕೊಳ್ಳುತ್ತಾರೆ. ಅಲ್ಲ. ದುಡ್ಡಿತ್ತು. ಇಬ್ಬರು ಒಪ್ಪಿದ ಮೇಲೆ ಮೂರನೆಯವನ ಮುದ್ರೆ ಯಾಕೆ ಅನ್ನುವ ಜಂಬ ಅದು. ಕೊಯ್ಲಿನ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದೆವು. ಊರಿನ ಇಬ್ಬರು ಯಜಮಾನರು ಸಾಕ್ಷಿ ಹಾಕಿದರು. ಹಾಳೆಯ ಹಿಂದೆ ಯಾರದ್ದೋ ವಾರದ ಕೂಲಿ ಲೆಕ್ಕ ಇತ್ತು. ಆ ಮುದ್ರೆ ನಮ್ಮಿಬ್ಬರಿಗಾಗಿ ಇರುವುದಲ್ಲ, ನಾಳೆ ಬರುವ ಅಪರಿಚಿತನಿಗಾಗಿ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ದೊಡ್ಡಪ್ಪ ತೀರಿಕೊಂಡರು. ಮಕ್ಕಳು ತೋಟ ಮಾರಿದರು. ಜನವರಿ, ಕೊಯ್ಲಿನ ಭರ. ಬೆಳಿಗ್ಗೆ ನೋಡಿದರೆ ದಾರಿಗೆ ಹೊಸ ಗೇಟು, ನೀಲಿ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಕಾಫಿ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ, ಅಂದರೆ ಸಿಪ್ಪೆ ಬಿಡಿಸದಿದ್ದರೆ, ಕೆಡುತ್ತದೆ. ಮೂಟೆಗಳನ್ನು ತಲೆ ಮೇಲೆ ಹೊರಿಸಿದೆ. ಅರ್ಧ ಅಲ್ಲೇ ಹುಳಿ ವಾಸನೆ ಹೊಡೆಯಿತು.

ಯಜಮಾನರು ಸೇರಿ ನ್ಯಾಯ ನನ್ನ ಕಡೆ ಹೇಳಿದರು. ಹೊಸ ಮಾಲೀಕ ಬರಲೇ ಇಲ್ಲ. ಫೋನಿನಲ್ಲಿ ತುಂಬ ಮರ್ಯಾದೆಯಿಂದ "ಸಾರ್, ಕ್ರಯಪತ್ರ ಇದ್ರೆ ತೋರಿಸಿ, ನಾಳೆನೇ ಗೇಟ್ ತೆಗಿಸ್ತೀನಿ" ಅಂದ. ಊರಿನ ಮದುವೆಗೆ ಬರದವನಿಗೆ ಊರಿನ ಮಾತಿನ ಹಂಗೇನು? ವಕೀಲರು ಹಾಳೆಯನ್ನು ತಿರುಗಿಸಿ ನೋಡಿ, ಕೂಲಿ ಲೆಕ್ಕ ಮಾತ್ರ ಸರಿಯಾಗಿದೆ ಅಂದರು. ನೂರು ರೂಪಾಯಿ ದಾಟಿದ ಜಮೀನು ರಿಜಿಸ್ಟರ್ ಆಗದೆ ಕ್ರಯವೇ ಅಲ್ಲವಂತೆ. ಅದೇ 12 ಗುಂಟೆಯನ್ನು ಮೂರು ಪಟ್ಟು ಕೊಟ್ಟು ಎರಡನೇ ಸಲ ಕೊಂಡೆ.

ರಾಜನಿಲ್ಲದೆ ನಡೆದ ನಾಡು ಅಂತ ಈ ವಾದದವರು ಐಸ್‌ಲ್ಯಾಂಡ್ ತೋರಿಸುತ್ತಾರೆ, 930ರಿಂದ 1262ರವರೆಗೆ. ನಿಜ. ಆದರೆ ಅಲ್ಲೂ ತೀರ್ಪು ಬಂದ ಮೇಲೆ ಅದನ್ನು ಜಾರಿ ಮಾಡಿಸಿಕೊಳ್ಳುವುದು ಗೆದ್ದವನ ಪಾಡೇ ಆಗಿತ್ತು. ಕೈಲಾಗದವನು ತನ್ನ ಹಕ್ಕನ್ನು ಬಲವಿದ್ದವನಿಗೆ ದಾಟಿಸಬೇಕಿತ್ತು. ನನ್ನ ಕೈಯಲ್ಲೂ ತೀರ್ಪಿತ್ತು, ಆ ಗೇಟು ತೆಗೆಸುವವರಿರಲಿಲ್ಲ. ಖಾಸಗಿ ಕಾವಲು ಕಂಪನಿಗಳು ಕೊನೆಗೆ ಒಂದೇ ಆಗಿ ಪುಟ್ಟ ಸರ್ಕಾರವೇ ಆಗಿಬಿಡುತ್ತವೆ ಅಂತ ಅಮೆರಿಕದ ತತ್ವಜ್ಞಾನಿ ನೋಜಿಕ್ 1974ರಲ್ಲೇ ಬರೆದ. ಆಗ ಓದಿದ್ದೆ, ಹೇಡಿ ಅಂದುಕೊಂಡಿದ್ದೆ.

ಹಾಗಂತ ಪೂಲ್ ವಾಪಸ್ ಬರಲಿ ಅನ್ನುವವನಲ್ಲ ನಾನು. ಆದರೆ ಉಳಿದವರೆಲ್ಲ ಪಹಣಿ ಹಿಡಿದು ಕೂತಿರುವಾಗ ನೀವೊಬ್ಬರೇ ಸರ್ಕಾರ ಬಿಟ್ಟು ಹೊರಗೆ ಬರಲು ಆಗುವುದಿಲ್ಲ. ಅಣ್ಣ ಒಳ್ಳೆಯವನು ಅಂತ ಬರೆದಿದ್ದೀರಿ. ಇರಬಹುದು. ದೊಡ್ಡಪ್ಪನೂ ಒಳ್ಳೆಯವರೇ. ಮೊದಲು ವಿಭಾಗಪತ್ರ ರಿಜಿಸ್ಟರ್ ಮಾಡಿಸಿ, ಆಮೇಲೆ ಈ ಕಡೆ ಬನ್ನಿ, ರಾಥ್‌ಬಾರ್ಡ್ ಬಗ್ಗೆ ರಾತ್ರಿಯಿಡೀ ಜಗಳವಾಡೋಣ. ಕಾಫಿ ನಮ್ಮ ತೋಟದ್ದೇ, ಈಗ ಬೋರ್ಡನ್ನು ಕೇಳಬೇಕಾಗಿಲ್ಲ.