ಡ್ರಾಫ್ಟ್ ಮುಗಿಯಿತು, ಜಗಳ ಶುರುವಾಯಿತು

ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್

ಎನ್‌ಎಫ್‌ಎಲ್ ಎಂಬ ಅಮೆರಿಕದ ವೃತ್ತಿಪರ ಲೀಗ್‌ನ ಡ್ರಾಫ್ಟ್ (ಹಿಂದಿನ ಸೀಸನ್‌ನಲ್ಲಿ ಹೆಚ್ಚು ಸೋತವರು ಮೊದಲು ಎಂಬ ಸರದಿಯಲ್ಲಿ ತಂಡಗಳು ಏಳು ಸುತ್ತು ಹೊಸ ಆಟಗಾರರನ್ನು ಆರಿಸುವುದು) ಮತ್ತು ಸೀಸನ್ ಇಲ್ಲದ ತಿಂಗಳುಗಳ ಅದಲುಬದಲಿನ ಬಗ್ಗೆ ಬಂದ ಪತ್ರಗಳೆಲ್ಲ ಸುತ್ತಿ ಬಳಸಿ ಕೇಳುವುದು ಒಂದನ್ನೇ: ನಮ್ಮ ತಂಡದವರು ಮೋಸ ಹೋದರೇ? ಆಟಗಾರನಿಗಾಗಿ ಏನೇನು ಕೊಟ್ಟರು, ಎಷ್ಟು ವರ್ಷ ಅವನು ಅಗ್ಗಕ್ಕೆ ಸಿಗುತ್ತಾನೆ ಎಂದು ನೋಡದೆ ಇದಕ್ಕೆ ಉತ್ತರ ಹೇಳಲಾಗದು.

ಪ್ರಶ್ನೆ: 2023ರಲ್ಲಿ ಡೆಟ್ರಾಯಿಟ್ ಲಯನ್ಸ್ 12ನೇ ಸರದಿಯಲ್ಲಿ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಜಹ್ಮೀರ್ ಗಿಬ್ಸ್ ಅವರನ್ನು ಆರಿಸಿದ್ದು ದುಬಾರಿ ಎಂದು ಗೆಳೆಯ ಇವತ್ತಿಗೂ ಹಂಗಿಸುತ್ತಾನೆ. ಏನು ಹೇಳಿ ಬಾಯಿ ಮುಚ್ಚಿಸಲಿ?

ಉತ್ತರ: 34 ಅನ್ನಿ, ಸಾಕು. ಲಯನ್ಸ್ ಕೈಯಲ್ಲಿ ಮೊದಲು ಇದ್ದದ್ದು 6ನೇ ಸರದಿ. ಅದನ್ನೂ 81ನೆಯದನ್ನೂ ಅರಿಜೋನಾ ಕಾರ್ಡಿನಲ್ಸ್‌ಗೆ ಕೊಟ್ಟು 12, 34 ಮತ್ತು 168ನೇ ಸರದಿಗಳನ್ನು ತೆಗೆದುಕೊಂಡರು. 12ರಲ್ಲಿ ಗಿಬ್ಸ್ ಬಂದರು. 34ರಲ್ಲಿ ಬಂದದ್ದು ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ) ಸ್ಯಾಮ್ ಲಪೋರ್ಟಾ. ಆತ ಮೊದಲ ಸೀಸನ್‌ನಲ್ಲೇ 86 ಕ್ಯಾಚ್ ಹಿಡಿದರು. ಗಿಬ್ಸ್ ಒಬ್ಬರನ್ನೇ ತಕ್ಕಡಿಗೆ ಹಾಕಿ ತೂಗಿದರೆ ಅರ್ಧ ವ್ಯಾಪಾರ ತಕ್ಕಡಿಯ ಹೊರಗೇ ಉಳಿಯುತ್ತದೆ.

ಈ ತೂಕಕ್ಕೆ ಹಳೆಯದೊಂದು ಪಟ್ಟಿ ಇದೆ. 1990ರ ದಶಕದ ಆರಂಭದಲ್ಲಿ ಜಿಮ್ಮಿ ಜಾನ್ಸನ್ ಕೋಚ್ ಆಗಿದ್ದಾಗ ಡಲಾಸ್ ಕೌಬಾಯ್ಸ್ ಬಳಸಲು ಶುರು ಮಾಡಿದ್ದು. ಮೊದಲ ಸರದಿಗೆ 3000 ಅಂಕ, 6ಕ್ಕೆ 1600, 12ಕ್ಕೆ 1200, 32ಕ್ಕೆ 590, 34ಕ್ಕೆ 560, 81ಕ್ಕೆ 185. ಲಯನ್ಸ್ ಕೊಟ್ಟದ್ದು 1600 ಮತ್ತು 185, ಒಟ್ಟು 1785. ಪಡೆದದ್ದು 1200 ಮತ್ತು 560, ಒಟ್ಟು 1760. 168ನೇ ಸರದಿಯ ಚಿಲ್ಲರೆ ಅಂಕ ಸೇರಿಸಿದರೆ ತಕ್ಕಡಿ ಹೆಚ್ಚುಕಡಿಮೆ ಸಮ. ಯಾರೂ ಯಾರಿಗೂ ಟೋಪಿ ಹಾಕಲಿಲ್ಲ.

ಆದರೂ ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ಸತ್ಯವಿದೆ. 2011ರಿಂದ ಹೊಸ ಆಟಗಾರನ ಸಂಬಳ ಅವನ ಸರದಿಯ ಮೇಲೆ ನಿಂತಿದೆ. ಯಾವ ಜಾಗದಲ್ಲಿ ಆಡುತ್ತಾನೆ ಎಂಬುದು ಲೆಕ್ಕಕ್ಕಿಲ್ಲ. 12ನೆಯವನು ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಚೆಂಡು ಎಸೆಯುವವನು) ಆಗಿರಲಿ, ರನ್ನಿಂಗ್ ಬ್ಯಾಕ್ ಆಗಿರಲಿ, ಒಪ್ಪಂದದ ಮೊತ್ತ ಹೆಚ್ಚುಕಡಿಮೆ ಒಂದೇ. ಮಾರುಕಟ್ಟೆಯಲ್ಲಿ ಮಾತ್ರ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅಥವಾ ಎಡ್ಜ್ ರಷರ್‌ನ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನ) ಬೆಲೆ ರನ್ನಿಂಗ್ ಬ್ಯಾಕ್‌ಗಿಂತ ಬಹಳ ಹೆಚ್ಚು. ಹಾಗಾಗಿ ಅದೇ ಸರದಿಯಲ್ಲಿ ರನ್ನಿಂಗ್ ಬ್ಯಾಕ್ ತೆಗೆದುಕೊಂಡರೆ ಉಳಿತಾಯ ಕಡಿಮೆ. ವಾದ ಮಾಡುವುದಿದ್ದರೆ ಇಲ್ಲಿ ಮಾಡಬೇಕು, “ಇನ್ನೂ ಕೆಳಗೆ ಸಿಗುತ್ತಿದ್ದ” ಎಂಬ ಊಹೆಯ ಮೇಲಲ್ಲ.

ಪ್ರಶ್ನೆ: ಕೆರೊಲಿನಾ ಪ್ಯಾಂಥರ್ಸ್ 2023ರಲ್ಲಿ ಮೊದಲ ಸರದಿಗೆ ಏರಿದ್ದು ತಪ್ಪು ಎಂದು ಈಗ ಎಲ್ಲರೂ ಹೇಳುತ್ತಾರೆ. ಆಗಲೇ ಗೊತ್ತಾಗುತ್ತಿರಲಿಲ್ಲವೇ?

ಉತ್ತರ: ಆ ಸರದಿಯಲ್ಲಿ ಅವರು ತಂದ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಹೇಗೆ ಆಡುತ್ತಾರೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ ವ್ಯಾಪಾರದಲ್ಲಿದ್ದ ಒಂದು ಬಿರುಕು ಅವತ್ತೇ ಕಾಣುತ್ತಿತ್ತು.

ಪ್ಯಾಂಥರ್ಸ್ ಶಿಕಾಗೊ ಬೇರ್ಸ್‌ಗೆ ಕೊಟ್ಟದ್ದು ಇಷ್ಟು: 9ನೇ ಸರದಿ, 61ನೇ ಸರದಿ, 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು, ಜೊತೆಗೆ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಡಿ.ಜೆ. ಮೂರ್. ಹಳೆಯ ಪಟ್ಟಿಯಲ್ಲಿ 9ಕ್ಕೆ 1350, 61ಕ್ಕೆ 292, ಸೇರಿ 1642. ಮೊದಲ ಸರದಿಯ 3000ಕ್ಕೆ ಇನ್ನೂ 1358 ಬೇಕು. ಅದನ್ನು ಮೂರ್ ಮತ್ತು ಮುಂದಿನ ವರ್ಷಗಳ ಸರದಿಗಳು ತುಂಬಬೇಕು.

ಎಡವುವುದು ಇಲ್ಲೇ. ಮುಂದಿನ ವರ್ಷದ ಸರದಿಗೆ ಒಂದು ಸುತ್ತು ಇಳಿಸಿ ಬೆಲೆ ಕಟ್ಟುವುದು ರೂಢಿ. ಅಂದರೆ ಮುಂದಿನ ವರ್ಷದ ಮೊದಲ ಸುತ್ತು ಈ ವರ್ಷದ ಎರಡನೇ ಸುತ್ತಿಗೆ ಸಮ. ಕೈಯಲ್ಲಿ ಗೆಲ್ಲುವ ತಂಡವಿದ್ದರೆ ಇದು ಸರಿ. 2017ರಲ್ಲಿ ಕ್ಯಾನ್ಸಾಸ್ ಸಿಟಿ ಚೀಫ್ಸ್ 27ನೇ ಸರದಿ, 91ನೇ ಸರದಿ ಮತ್ತು 2018ರ ಮೊದಲ ಸುತ್ತನ್ನು ಬಫಲೊ ಬಿಲ್ಸ್‌ಗೆ ಕೊಟ್ಟು 10ಕ್ಕೆ ಏರಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ತಂದರು. ಮಹೋಮ್ಸ್ ಆ ವರ್ಷ ಬಹುತೇಕ ಬೆಂಚಿನ ಮೇಲಿದ್ದರು, ಹಳೆಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಆಡಿ ತಂಡವನ್ನು ಪ್ಲೇಆಫ್‌ಗೆ ಒಯ್ದರು. ಕೊಟ್ಟ ಸರದಿ ಕೊನೆಗೆ ಆದದ್ದು 22ನೆಯದು. ಪ್ಯಾಂಥರ್ಸ್ ತಮ್ಮ ಅತ್ಯುತ್ತಮ ರಿಸೀವರ್‌ನನ್ನು ಕೊಟ್ಟು, ಹೊಸ ಹುಡುಗನನ್ನು ನೇರ ಮೈದಾನಕ್ಕೆ ಇಳಿಸಿದರು. 2 ಗೆಲುವು, 15 ಸೋಲು. ಅವರು ಕೊಟ್ಟಿದ್ದ 2024ರ ಸರದಿ ಒಂದನೇ ನಂಬರ್ ಆಯಿತು, ಬೇರ್ಸ್ ಅದರಲ್ಲಿ ಕೇಲೆಬ್ ವಿಲಿಯಮ್ಸ್ ಅವರನ್ನು ತೆಗೆದುಕೊಂಡರು. ದುರ್ಬಲ ತಂಡ ಮುಂದಿನ ವರ್ಷದ ಸರದಿಯನ್ನು ಮಾರುವಾಗ ರಿಯಾಯಿತಿ ದರ ಹಾಕಬಾರದು.

ಇನ್ನೊಂದು ಮಾತು. ಹಳೆಯ ಪಟ್ಟಿ 2011ರ ಮೊದಲಿನದು, ಅದು ಮೇಲಿನ ಸರದಿಗಳಿಗೆ ಅತಿ ಬೆಲೆ ಕಟ್ಟುತ್ತದೆ ಎಂಬ ಟೀಕೆ ಬಲವಾದದ್ದು. ಒಂದೇ ಜಾಗದಲ್ಲಿ ಆಡುವ ಇಬ್ಬರು ಒಬ್ಬರ ಹಿಂದೊಬ್ಬರು ಆಯ್ಕೆಯಾದಾಗ, ಮೊದಲು ಆಯ್ಕೆಯಾದವನು ಹೆಚ್ಚು ಪಂದ್ಯ ಆರಂಭಿಸುವ ಸಾಧ್ಯತೆ ಕೇವಲ 52 ಶೇಕಡಾ ಎಂದು ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಲೆಕ್ಕ ಹಾಕಿ ತೋರಿಸಿದ್ದಾರೆ. ನಾಣ್ಯ ಚಿಮ್ಮಿದರೆ 50.

ಪ್ರಶ್ನೆ: “ಆ ಆಟಗಾರ ಬೇಡವಾದರೆ ಕಿತ್ತುಹಾಕಲಿ, ಸಂಬಳ ಉಳಿಯುತ್ತದೆ” ಎಂದರೆ, ತಿಳಿದವರು “ಡೆಡ್ ಮನಿ” ಎಂದು ತಲೆಯಾಡಿಸುತ್ತಾರೆ. ಏನದು?

ಉತ್ತರ: ಪ್ರತಿ ತಂಡಕ್ಕೂ ವರ್ಷಕ್ಕೆ ಸಂಬಳದ ಮಿತಿ ಉಂಟು, ಅದೇ ಸ್ಯಾಲರಿ ಕ್ಯಾಪ್. 2024ರಲ್ಲಿ 25.54 ಕೋಟಿ ಡಾಲರ್, 2025ರಲ್ಲಿ 27.92 ಕೋಟಿ. ಸಹಿ ಹಾಕುವಾಗ ಕೊಡುವ ಸೈನಿಂಗ್ ಬೋನಸ್ ಆಟಗಾರನ ಕೈಗೆ ಬೇಗ ಸೇರುತ್ತದೆ, ಆದರೆ ಕ್ಯಾಪ್ ಪುಸ್ತಕದಲ್ಲಿ ಅದನ್ನು ಗರಿಷ್ಠ 5 ವರ್ಷಕ್ಕೆ ಹಂಚಿ ಬರೆಯುತ್ತಾರೆ.

ಒಂದು ಲೆಕ್ಕ ಹಾಕೋಣ. 5 ವರ್ಷದ ಒಪ್ಪಂದ, ಬೋನಸ್ 3 ಕೋಟಿ ಡಾಲರ್. ವರ್ಷಕ್ಕೆ 60 ಲಕ್ಷ ಬರೆಯಬೇಕು. ಎರಡು ವರ್ಷ ಆಡಿಸಿ ಮಾರ್ಚ್‌ನಲ್ಲಿ ಬಿಟ್ಟರೆ, ಬರೆಯದೆ ಉಳಿದ 1 ಕೋಟಿ 80 ಲಕ್ಷ ಒಂದೇ ಏಟಿಗೆ ಆ ವರ್ಷದ ಮೇಲೆ ಬೀಳುತ್ತದೆ. ಆಟಗಾರ ಇಲ್ಲ, ಖರ್ಚು ಇದೆ. ಅದೇ ಡೆಡ್ ಮನಿ. ಅವನ ಆ ವರ್ಷದ ಸಂಬಳ 1 ಕೋಟಿ ಇದ್ದರೆ ಅದು ಉಳಿಯುತ್ತದೆ ನಿಜ, ಆದರೆ ಇಟ್ಟುಕೊಂಡಿದ್ದರೆ 1 ಕೋಟಿ 60 ಲಕ್ಷ ಬರೆಯಬೇಕಿದ್ದ ಕಡೆ ಬಿಟ್ಟದ್ದಕ್ಕೆ 1 ಕೋಟಿ 80 ಲಕ್ಷ ಬರೆಯಬೇಕು. ಕಿತ್ತುಹಾಕಿ 20 ಲಕ್ಷ ನಷ್ಟ!

ಇದಕ್ಕೊಂದು ದಾರಿ ಜೂನ್ 1ರ ನಿಯಮ. “ಜೂನ್ 1ರ ನಂತರ ಬಿಟ್ಟದ್ದು” ಎಂಬ ಗುರುತು ಹಚ್ಚಿ ಬಿಟ್ಟರೆ ಈ ವರ್ಷ 60 ಲಕ್ಷ, ಉಳಿದ 1 ಕೋಟಿ 20 ಲಕ್ಷ ಮುಂದಿನ ವರ್ಷಕ್ಕೆ. ಮಾರ್ಚ್‌ನಲ್ಲೇ ಬಿಡಬಹುದು, ಆದರೆ ವರ್ಷಕ್ಕೆ ಇಬ್ಬರಿಗೆ ಮಾತ್ರ. ಅಭಿಮಾನಿಗಳು ಮರೆಯುವ ಕೊಕ್ಕೆ ಏನೆಂದರೆ, ಹೀಗೆ ಉಳಿದ ದುಡ್ಡು ಕೈಗೆ ಸಿಗುವುದು ಜೂನ್‌ನಲ್ಲಿ. ಅಲ್ಲಿಯವರೆಗೆ ಪೂರ್ತಿ ಮೊತ್ತ ಕ್ಯಾಪ್‌ನಲ್ಲೇ ಕುಳಿತಿರುತ್ತದೆ. ಮಾರ್ಚ್‌ನ ದೊಡ್ಡ ಖರೀದಿಗೆ ಅದು ಒದಗುವುದಿಲ್ಲ. ಡೆನ್ವರ್ ಬ್ರಾಂಕೋಸ್ 2024ರಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರನ್ನು ಹೀಗೆಯೇ ಬಿಟ್ಟರು. ಒಟ್ಟು ಡೆಡ್ ಮನಿ ಸುಮಾರು 8.5 ಕೋಟಿ ಡಾಲರ್. 2024ಕ್ಕೆ ಸುಮಾರು 5.3 ಕೋಟಿ, 2025ಕ್ಕೆ 3.2 ಕೋಟಿ ಎಂದು ಹಂಚಿಕೆಯಾಯಿತು.

ಪ್ರಶ್ನೆ: ನಮ್ಮ ತಂಡ ಬಿಟ್ಟ ಸ್ಟಾರ್ ಆಟಗಾರನನ್ನು ಬೇರೆಯವರು ದೊಡ್ಡ ಮೊತ್ತಕ್ಕೆ ಕೊಂಡರು. ನಮಗೆ ಪರಿಹಾರದ ಸರದಿ ಯಾವ ಸುತ್ತಿನಲ್ಲಿ ಬರುತ್ತದೆ?

ಉತ್ತರ: ಬರುವುದಿಲ್ಲ. ಪರಿಹಾರದ ಸರದಿ ಎಂದರೆ ಆಟಗಾರರನ್ನು ಕಳೆದುಕೊಂಡ ತಂಡಕ್ಕೆ ಲೀಗ್ ಕೊಡುವ ಹೆಚ್ಚುವರಿ ಸರದಿ. ಅದು ಒಪ್ಪಂದದ ಅವಧಿ ಮುಗಿದು ಬೇರೆ ತಂಡಕ್ಕೆ ಹೋದವರ ಬದಲಿಗೆ ಮಾತ್ರ. ತಂಡವೇ ಬಿಟ್ಟವರು ಲೆಕ್ಕಕ್ಕಿಲ್ಲ.

ಅವಧಿ ಮುಗಿದು ಹೋದವರಿದ್ದರೂ, ನೀವು ಅಷ್ಟೇ ಬೆಲೆಯ ಇನ್ನೊಬ್ಬನನ್ನು ಹೊರಗಿನಿಂದ ತಂದರೆ ಒಂದಕ್ಕೊಂದು ವಜಾ. ಹೋದವರು ಬಂದವರಿಗಿಂತ ಸಂಖ್ಯೆಯಲ್ಲೋ ಬೆಲೆಯಲ್ಲೋ ಹೆಚ್ಚಿದ್ದರಷ್ಟೇ, ಮುಂದಿನ ವರ್ಷ 3ರಿಂದ 7ನೇ ಸುತ್ತಿನ ಕೊನೆಯಲ್ಲಿ ಸರದಿ ಸಿಗುತ್ತದೆ. ಈ ಸೂತ್ರದಲ್ಲಿ ಒಂದು ತಂಡಕ್ಕೆ ಹೆಚ್ಚೆಂದರೆ ನಾಲ್ಕು. ಡ್ರಾಫ್ಟ್ ಮುಗಿದ ನಂತರದ ಸೋಮವಾರ ದಾಟಿದ ಮೇಲೆ ಆಗುವ ಒಪ್ಪಂದಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅನುಭವಿ ಆಟಗಾರರು ಏಪ್ರಿಲ್ ಇಡೀ ಖಾಲಿ ಕುಳಿತು ಮೇ ಮೊದಲ ವಾರ ದಿಢೀರನೆ ಸಹಿ ಹಾಕುವುದರ ಹಿಂದೆ ಹಲವು ಸಲ ಇದೇ ಲೆಕ್ಕಾಚಾರ.

ಪ್ರಶ್ನೆ: 90 ಜನ ಆಟಗಾರರನ್ನು ಇಟ್ಟುಕೊಂಡು ಕ್ಯಾಪ್ ಒಳಗೆ ಹೇಗೆ ಇರುತ್ತಾರೆ?

ಉತ್ತರ: ಸೀಸನ್ ಶುರುವಾಗುವವರೆಗೆ ದೊಡ್ಡ ಮೊತ್ತದ 51 ಜನರ ಲೆಕ್ಕ ಮಾತ್ರ ಪೂರ್ತಿ ಹಿಡಿಯುತ್ತಾರೆ. ಆದ್ದರಿಂದ 20 ಲಕ್ಷದ ಹೊಸಬ ಬಂದರೆ ಕ್ಯಾಪ್‌ನಲ್ಲಿ 20 ಲಕ್ಷ ಹೋಗುವುದಿಲ್ಲ. 9 ಲಕ್ಷದ 51ನೆಯವನು ಪಟ್ಟಿಯಿಂದ ಕೆಳಗಿಳಿಯುವುದರಿಂದ ನಿಜವಾದ ಹೊರೆ 11 ಲಕ್ಷ. “ಡ್ರಾಫ್ಟ್ ಆಟಗಾರರಿಗೇ ದುಡ್ಡಿಲ್ಲ” ಎಂಬ ಗಾಬರಿ ಸಾಮಾನ್ಯವಾಗಿ ಈ ಕಳೆಯುವ ಲೆಕ್ಕ ಬಿಟ್ಟದ್ದರಿಂದ ಹುಟ್ಟುತ್ತದೆ.

ಆಗಸ್ಟ್ ಕೊನೆಗೆ 53ಕ್ಕೆ ಇಳಿಸಬೇಕು. ನಾಲ್ಕು ಸೀಸನ್ ಪೂರೈಸದವನನ್ನು ಬಿಟ್ಟರೆ ಅವನು ವೇವರ್ಸ್‌ಗೆ ಹೋಗುತ್ತಾನೆ, ಬೇರೆ ತಂಡ ಎತ್ತಿಕೊಳ್ಳಬಹುದು. “ಆರನೇ ಸುತ್ತಿನ ಹುಡುಗನನ್ನು ಬಿಟ್ಟು ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ (ಅಭ್ಯಾಸಕ್ಕೆ ಇಟ್ಟುಕೊಳ್ಳುವ ಹೆಚ್ಚುವರಿ ಆಟಗಾರರ ಗುಂಪಿನಲ್ಲಿ) ಇಟ್ಟುಕೊಳ್ಳಲಿ” ಎನ್ನುವ ಮುಂಚೆ ಅವನು ಆ ಜಾಲ ದಾಟಿ ವಾಪಸ್ ಬರಬೇಕು ಎಂಬುದು ನೆನಪಿರಲಿ.

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ ವಿಷಯದಲ್ಲಿ ಅಷ್ಟು ದೊಡ್ಡ ತಪ್ಪು ಮಾಡಿಯೂ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ತಲುಪಿದ್ದು ಹೇಗೆ?

ಉತ್ತರ: 2021ರಲ್ಲಿ 12ನೇ ಸರದಿ, 2022 ಮತ್ತು 2023ರ ಮೊದಲ ಸುತ್ತು, ಜೊತೆಗೊಂದು ಮೂರನೇ ಸುತ್ತು ಕೊಟ್ಟು 3ಕ್ಕೆ ಏರಿ ಲ್ಯಾನ್ಸ್ ಅವರನ್ನು ತಂದರು. 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿಗೆ ಕೌಬಾಯ್ಸ್‌ಗೆ ದಾಟಿಸಿದರು. ಸಾಮಾನ್ಯವಾಗಿ ಇಂಥ ಗುಂಡಿಯಿಂದ ಏಳಲು ತಂಡಕ್ಕೆ ವರ್ಷಗಳೇ ಬೇಕು.

ಎತ್ತಿದ್ದು 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಸರದಿಯ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ. ಲ್ಯಾನ್ಸ್ ಅವರ ನಾಲ್ಕು ವರ್ಷದ ಒಪ್ಪಂದ ಸುಮಾರು 3.4 ಕೋಟಿ ಡಾಲರ್. ಪರ್ಡಿ ಅವರದು ಸುಮಾರು 37 ಲಕ್ಷ. ಡ್ರಾಫ್ಟ್‌ನಿಂದ ಬಂದವನ ಒಪ್ಪಂದವನ್ನು ಮೂರು ಸೀಸನ್ ಮುಗಿಯುವವರೆಗೆ ತಿದ್ದುವಂತಿಲ್ಲ. ಆದ್ದರಿಂದ 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಆಡುವಾಗಲೂ ಅವರು ಅದೇ ಸಂಬಳದ ಮೇಲಿದ್ದರು, ಕ್ವಾರ್ಟರ್‌ಬ್ಯಾಕ್‌ಗೆ ಹೋಗಬೇಕಿದ್ದ ದುಡ್ಡು ಬೇರೆ ಸ್ಟಾರ್‌ಗಳಿಗೆ ಹೋಯಿತು. ಮೂರು ಸೀಸನ್ ಮುಗಿದ ಮೇಲೆ, 2025ರ ಮೇಯಲ್ಲಿ, ಪರ್ಡಿ 5 ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದಕ್ಕೆ ಒಪ್ಪಿದರು. ಅದೇ ವರ್ಷದ ಮಾರ್ಚ್‌ನಲ್ಲಿ 49ಅರ್ಸ್ ತಮ್ಮ ಹಲವು ಹಳಬರನ್ನು ಕಳಿಸಿಕೊಟ್ಟರು.