ಲೋಕಲ್‌ನಲ್ಲಿ ಪಾಸ್, ಪ್ರೊಡಕ್ಷನ್‌ನಲ್ಲಿ ಎರಡೆರಡು ಸಲ: ಮೆಸೇಜ್ ಕ್ಯೂ ಪ್ರಶ್ನೆಗಳಿಗೆ ಉತ್ತರ

ಬಂದಿರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷ: ಲ್ಯಾಪ್‌ಟಾಪ್‌ನಲ್ಲಿ ಸರಿಯಿದ್ದ ಕೋಡ್, ಗ್ರಾಹಕರು ಬಳಸುವ ಪ್ರೊಡಕ್ಷನ್‌ನಲ್ಲಿ ಒಂದೇ ಕೆಲಸವನ್ನು ಎರಡು ಸಲ ಯಾಕೆ ಮಾಡುತ್ತದೆ? ಆದ್ದರಿಂದ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಕ್ಯೂ ಅಂದರೇನು, ಡಾಕರ್ ಹೇಗೆ ಹಾಕಿಕೊಳ್ಳುವುದು ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ.

ಪ್ರಶ್ನೆ: ಸರ್, ಆರ್ಡರ್ ಬಂದಾಗ ಗ್ರಾಹಕರಿಗೆ ಮೇಲ್ ಕಳಿಸುವ ಸರ್ವಿಸ್ ಬರೆದಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಎಲಾಸ್ಟಿಕ್‌ಎಂಕ್ಯೂ (ಅಮೆಜಾನ್‌ನ ಕ್ಯೂ ಸರ್ವಿಸ್ ಎಸ್‌ಕ್ಯೂಎಸ್ ಥರವೇ ನಡೆಯುವ ಲೋಕಲ್ ಸರ್ವರ್) ಹಾಕಿಕೊಂಡು ಟೆಸ್ಟ್ ಮಾಡಿದೆ, ಎಲ್ಲ ಪಾಸ್. ಅಮೆಜಾನ್ ಎಸ್‌ಕ್ಯೂಎಸ್‌ಗೆ ಹೋದ ಮೇಲೆ ಕೆಲವರಿಗೆ ಒಂದೇ ಮೇಲ್ ಎರಡು ಸಲ ಹೋಗುತ್ತಿದೆ. ಎಸ್‌ಕ್ಯೂಎಸ್‌ನಲ್ಲಿ ಬಗ್ ಇದೆಯಾ? ವಿಸಿಬಿಲಿಟಿ ಟೈಮ್‌ಔಟ್ 12 ಗಂಟೆ ಇಟ್ಟರೆ ಸರಿಹೋಗುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಬಗ್ ಇದೆ. ನಿಮ್ಮ ಕೋಡ್‌ನಲ್ಲಿದೆ.

ಎಸ್‌ಕ್ಯೂಎಸ್‌ನ ಮಾಮೂಲಿ ಬಗೆಯಾದ ಸ್ಟ್ಯಾಂಡರ್ಡ್ ಕ್ಯೂ ಕೊಡುವ ಮಾತು ಇಷ್ಟೇ: ಮೆಸೇಜನ್ನು ಕನಿಷ್ಠ ಒಂದು ಸಲ ತಲುಪಿಸುತ್ತೇನೆ. ಒಂದೇ ಸಲ ಅಂತ ಅದು ಎಲ್ಲೂ ಹೇಳಿಲ್ಲ. ನಿಮ್ಮ ವರ್ಕರ್ (ಕ್ಯೂನಿಂದ ತೆಗೆದು ಕೆಲಸ ಮಾಡುವ ಪ್ರೋಗ್ರಾಂ) ಮೆಸೇಜ್ ಎತ್ತಿಕೊಂಡಾಗ ಅದು ಕ್ಯೂನಿಂದ ಅಳಿಸಿಹೋಗುವುದಿಲ್ಲ, ಸ್ವಲ್ಪ ಹೊತ್ತು ಬೇರೆಯವರ ಕಣ್ಣಿಗೆ ಬೀಳದಂತೆ ಮರೆಯಾಗುತ್ತದೆ. ಆ ಹೊತ್ತೇ ವಿಸಿಬಿಲಿಟಿ ಟೈಮ್‌ಔಟ್. ನೀವು ಏನೂ ಹೇಳದಿದ್ದರೆ 30 ಸೆಕೆಂಡ್. ಅಷ್ಟರೊಳಗೆ ವರ್ಕರ್ ಡಿಲೀಟ್ ಮಾಡಲಿಲ್ಲವೆಂದರೆ ಮೆಸೇಜ್ ಮತ್ತೆ ಕಾಣಿಸಿಕೊಳ್ಳುತ್ತದೆ, ಇನ್ನೊಂದು ವರ್ಕರ್ ಎತ್ತಿಕೊಳ್ಳುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ನಿಮಗೆ ಇದು ಯಾಕೆ ಕಾಣಲಿಲ್ಲ? ಅಲ್ಲಿ ಮೇಲ್ ಸರ್ವರ್ ನಕಲಿ, ಕ್ಷಣದಲ್ಲಿ ಉತ್ತರ ಕೊಡುತ್ತದೆ. ವರ್ಕರ್ ಒಂದೇ. ನಡುವೆ ಯಾರೂ ಸಾಯುವುದಿಲ್ಲ. ಪ್ರೊಡಕ್ಷನ್‌ನಲ್ಲಿ ಮೇಲ್ ಸರ್ವಿಸ್ ಒಮ್ಮೊಮ್ಮೆ 40 ಸೆಕೆಂಡ್ ಎಳೆಯುತ್ತದೆ, ಜೊತೆಗೆ ನಾಲ್ಕು ವರ್ಕರ್ ಕಾಯುತ್ತಾ ಕೂತಿರುತ್ತವೆ. ಅಲ್ಲಿಗೆ ಎರಡು ಮೇಲ್ ಗ್ಯಾರಂಟಿ. ಟೈಮ್‌ಔಟ್ ಸರಿಯಾಗಿಟ್ಟರೂ ಕಥೆ ಮುಗಿಯುವುದಿಲ್ಲ. ಎಸ್‌ಕ್ಯೂಎಸ್ ಪ್ರತಿ ಮೆಸೇಜಿನ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಇಡುತ್ತದೆ. ನೀವು ಡಿಲೀಟ್ ಮಾಡುವಾಗ ಅದರಲ್ಲೊಂದು ಕೈಗೆ ಸಿಗದಿದ್ದರೆ ಆ ಪ್ರತಿ ಉಳಿದುಕೊಂಡು ಆಮೇಲೆ ಬರಬಹುದು. ಅಪರೂಪ, ಆದರೆ ಅಮೆಜಾನ್ ತನ್ನ ದಾಖಲೆಯಲ್ಲೇ ಇದನ್ನು ಬರೆದಿದೆ.

ಇನ್ನು ಆ 12 ಗಂಟೆಯ ಮದ್ದು. ಅದು ಎಸ್‌ಕ್ಯೂಎಸ್ ಒಪ್ಪುವ ಗರಿಷ್ಠ ಮಿತಿ ಅನ್ನುವುದೇನೋ ನಿಜ. ಆದರೆ ಮೆಸೇಜ್ ಎತ್ತಿಕೊಂಡ ವರ್ಕರ್ ಮರುಕ್ಷಣವೇ ಸತ್ತರೆ ಆ ಆರ್ಡರಿನ ಮೇಲ್ 12 ಗಂಟೆ ಯಾರಿಗೂ ಕಾಣದೆ ಬಿದ್ದಿರುತ್ತದೆ. ಗ್ರಾಹಕರು ಫೋನ್ ಮಾಡಿದಾಗ ಆ ವಿಡಿಯೋದವರು ಬಂದು ಉತ್ತರ ಕೊಡುತ್ತಾರಾ? ಕೆಲಸಕ್ಕೆ ಸಾಮಾನ್ಯವಾಗಿ ಹಿಡಿಯುವ ಸಮಯಕ್ಕಿಂತ ಸ್ವಲ್ಪ ಜಾಸ್ತಿ ಇಡಿ. ತುಂಬಾ ಹೊತ್ತು ಹಿಡಿಯುವ ಕೆಲಸವಾದರೆ ವರ್ಕರ್ ನಡುನಡುವೆ ಟೈಮ್‌ಔಟ್ ಮುಂದೂಡಲಿ, ಅದಕ್ಕೆಂದೇ ಎಪಿಐ ಇದೆ. 'ಫಿಫೋ ಕ್ಯೂ ಹಾಕಿದರೆ ಎಲ್ಲ ಸರಿ' ಅನ್ನುವವರೂ ಇದ್ದಾರೆ. ಫಿಫೋ, ಅಂದರೆ ಬಂದ ಕ್ರಮದಲ್ಲೇ ಮೆಸೇಜ್ ಕೊಡುವ ಕ್ಯೂ, ತಡೆಯುವುದು ಕಳಿಸುವ ಕಡೆಯ ನಕಲನ್ನು, ಅದೂ 5 ನಿಮಿಷದ ಒಳಗಿನದನ್ನು. ನಿಮ್ಮ ವರ್ಕರ್ ಟೈಮ್‌ಔಟ್ ದಾಟಿದರೆ ಫಿಫೋದಲ್ಲೂ ಮೆಸೇಜ್ ವಾಪಸ್ ಬರುತ್ತದೆ.

ಲೋಕಲ್ ಸರ್ವರ್ ಇಟ್ಟುಕೊಂಡಿರುವುದು ಹಸಿರು ಟಿಕ್ ನೋಡಿ ಖುಷಿಪಡಲಿಕ್ಕಲ್ಲ. ಅದರ ಕೈಲಿ ತೊಂದರೆ ಕೊಡಿಸಿಕೊಳ್ಳಿ. ಎಲಾಸ್ಟಿಕ್‌ಎಂಕ್ಯೂ ಕಾನ್ಫಿಗ್‌ನಲ್ಲಿ ವಿಸಿಬಿಲಿಟಿ ಟೈಮ್‌ಔಟ್ 2 ಸೆಕೆಂಡ್ ಮಾಡಿ, ವರ್ಕರ್ ಬೇಕೆಂದೇ 5 ಸೆಕೆಂಡ್ ಕಾಯಲಿ. ಎರಡು ವರ್ಕರ್ ಓಡಿಸಿ. ಆಗ ನಿಮ್ಮ ಎರಡು ಮೇಲ್ ಲ್ಯಾಪ್‌ಟಾಪ್‌ನಲ್ಲೇ ಕಾಣುತ್ತವೆ. ಆಮೇಲೆ ಮೇಲ್ ಹೋದ ನಂತರ, ಡಿಲೀಟ್ ಆಗುವ ಮೊದಲು ವರ್ಕರನ್ನು ಕಿಲ್ ಮಾಡಿ. ಮರ್ಯಾದೆಯಾಗಿ ನಿಲ್ಲಿಸಬೇಡಿ, ಕಿಲ್ ಮೈನಸ್ 9. ಹಾಳಾದ ಜೇಸನ್ ಡೇಟಾ ಇರುವ ಮೆಸೇಜ್ ಒಂದನ್ನು ಕಳಿಸಿ, ಮೂರು ಸಲ ಸೋತ ಮೇಲೆ ಅದು ಡೆಡ್ ಲೆಟರ್ ಕ್ಯೂಗೆ (ಪದೇ ಪದೇ ಸೋತ ಮೆಸೇಜ್‌ಗಳನ್ನು ಬೇರೆಯಾಗಿಡುವ ಕ್ಯೂ) ಹೋಗುತ್ತದಾ ನೋಡಿ. ಹೋಗದಿದ್ದರೆ ಅದೊಂದೇ ಮೆಸೇಜ್ ದಿನಗಟ್ಟಲೆ ನಿಮ್ಮ ವರ್ಕರ್‌ಗಳನ್ನು ತಿನ್ನುತ್ತಿರುತ್ತದೆ.

ಪರಿಹಾರ ಕೋಡ್‌ನಲ್ಲಿ: ಅದೇ ಮೆಸೇಜ್ ಎರಡನೇ ಸಲ ಬಂದರೂ ಕೆಲಸ ಒಂದೇ ಸಲ ಆಗಬೇಕು. ಡೇಟಾಬೇಸ್‌ನಲ್ಲಿ ಮಾಡಿದ ಕೆಲಸ ಬರೆದಿಡಲು ಯೂನಿಕ್ ಕೀ (ಎರಡನೇ ಸಲ ಬರೆಯಲು ಬಿಡದ ಗುರುತು) ಇರುವ ಒಂದು ಟೇಬಲ್ ಸಾಕು. ಇಲ್ಲಿ ಬಹಳ ಜನ ಎಡವುವುದು ಕೀ ಆರಿಸುವಲ್ಲಿ. ಮೆಸೇಜ್ ಐಡಿಯನ್ನು ಕೀ ಮಾಡಬೇಡಿ. ಕ್ಯೂ ತಾನೇ ವಾಪಸ್ ಕೊಟ್ಟ ಮೆಸೇಜಿಗೆ ಐಡಿ ಅದೇ ಇರುತ್ತದೆ ನಿಜ. ಆದರೆ ನೆಟ್‌ವರ್ಕ್ ಕೈಕೊಟ್ಟು ನಿಮ್ಮ ಪ್ರೊಡ್ಯೂಸರ್ (ಮೆಸೇಜ್ ಕಳಿಸುವ ಪ್ರೋಗ್ರಾಂ) ಎರಡನೇ ಸಲ ಕಳಿಸಿದರೆ ಸ್ಟ್ಯಾಂಡರ್ಡ್ ಕ್ಯೂ ಅದಕ್ಕೆ ಹೊಸ ಐಡಿ ಕೊಡುತ್ತದೆ. ಆರ್ಡರ್ ನಂಬರ್ ಮತ್ತು ಕೆಲಸದ ಹೆಸರು ಸೇರಿಸಿ ಕೀ ಮಾಡಿ. ಇದನ್ನೂ ಲೋಕಲ್‌ನಲ್ಲಿ ಟೆಸ್ಟ್ ಮಾಡಿ: ಒಂದೇ ಆರ್ಡರನ್ನು ಎರಡು ಸಲ ಕಳಿಸಿದರೆ ಆಯಿತು.

ಒಂದು ಕಹಿ ಮಾತು. ಮೇಲ್ ನಿಮ್ಮ ಡೇಟಾಬೇಸ್‌ನ ಹೊರಗಿದೆ. ಟೇಬಲ್‌ಗೆ ಬರೆದು ಆಮೇಲೆ ಕಳಿಸಿದರೆ ನಡುವೆ ಸತ್ತಾಗ ಮೇಲ್ ಹೋಗುವುದೇ ಇಲ್ಲ. ಕಳಿಸಿ ಆಮೇಲೆ ಬರೆದರೆ ಎರಡು ಸಲ ಹೋಗಬಹುದು. ಎರಡರಲ್ಲಿ ಯಾವುದು ಪರವಾಗಿಲ್ಲ ಎಂದು ನೀವೇ ತೀರ್ಮಾನಿಸಬೇಕು. ಮೇಲ್‌ಗಾದರೆ ನಾನು ಎರಡನೆಯದನ್ನು ಒಪ್ಪುತ್ತೇನೆ. ದುಡ್ಡು ಕಡಿತವಾಗುವ ಕೆಲಸಕ್ಕೆ ಎರಡನ್ನೂ ಒಪ್ಪುವುದಿಲ್ಲ. ಅಲ್ಲಿ ಪೇಮೆಂಟ್ ಸರ್ವಿಸ್‌ಗೇ ಅದೇ ಕೀ ಕಳಿಸಿ, ಎರಡನೇ ಸಲವನ್ನು ಅದು ತಿರಸ್ಕರಿಸುವಂತೆ ಮಾಡಬೇಕು. ಅಂಥ ಸೌಲಭ್ಯ ಇಲ್ಲದ ಸರ್ವಿಸನ್ನು ನಾನಾದರೆ ಮುಟ್ಟುವುದಿಲ್ಲ.

ಎಲಾಸ್ಟಿಕ್‌ಎಂಕ್ಯೂ ಹೇಳಲಾರದ ವಿಷಯಗಳೂ ಇವೆ. ಸುಮ್ನೆ ಹಾಕಿದರೆ ಅದು ಮೆಸೇಜ್‌ಗಳನ್ನು ಮೆಮೊರಿಯಲ್ಲೇ ಇಡುತ್ತದೆ, ರೀಸ್ಟಾರ್ಟ್ ಮಾಡಿದರೆ ಎಲ್ಲ ಖಾಲಿ. ಆಕ್ಸೆಸ್ ಕೀ ಏನು ಕೊಟ್ಟರೂ ಒಳಗೆ ಬಿಡುತ್ತದೆ. ಹಾಗಾಗಿ ಪರ್ಮಿಷನ್ ಸರಿ ಇದೆಯಾ ಎಂದು ಅದನ್ನು ಕೇಳಬೇಡಿ. ಅದಕ್ಕೆ ಅಸಲಿ ಎಸ್‌ಕ್ಯೂಎಸ್‌ನಲ್ಲೇ ಒಂದು ಚಿಕ್ಕ ಟೆಸ್ಟ್ ಇರಲಿ.

ಪ್ರಶ್ನೆ: ರ‍್ಯಾಬಿಟ್‌ಎಂಕ್ಯೂನಲ್ಲಿ (ಇನ್ನೊಂದು ಕ್ಯೂ ಸರ್ವರ್) ಆಟೋ ಆ್ಯಕ್ ಹಾಕಿದ ಮೇಲೆ ಡೂಪ್ಲಿಕೇಟ್ ನಿಂತವು. ಹಾಗೇ ಬಿಡಬಹುದಾ?

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಆಟೋ ಆ್ಯಕ್ ಅಂದರೆ ಮೆಸೇಜ್ ಕೊಟ್ಟ ಕೂಡಲೇ ಕೆಲಸ ಮುಗಿಯಿತೆಂದು ಕ್ಯೂ ಅದನ್ನು ಅಳಿಸಿಬಿಡುವುದು. ಈಗ ವರ್ಕರ್ ಸತ್ತರೆ ಅದರ ಕೈಲಿದ್ದ ಮೆಸೇಜೂ ಸಾಯುತ್ತದೆ.

ಪ್ರಶ್ನೆ: ಲೋಕಲ್‌ಹೋಸ್ಟ್ 9324ಕ್ಕೆ (ಎಲಾಸ್ಟಿಕ್‌ಎಂಕ್ಯೂ ಪೋರ್ಟ್) ಬ್ರೌಸರ್‌ನಿಂದ ಹೋಗುತ್ತದೆ, ನನ್ನ ಆ್ಯಪ್ ಕಂಟೇನರ್‌ನಿಂದ ಕನೆಕ್ಷನ್ ರಿಫ್ಯೂಸ್ಡ್. ಕಾಫ್ಕಾದಲ್ಲೂ ಇದೇ ಗೋಳು.

ಪ್ರತಿ ಡಾಕರ್ ಕಂಟೇನರ್ ತನ್ನದೇ ಪುಟ್ಟ ಯಂತ್ರದ ಹಾಗೆ. ಅದರ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ. ಕಂಟೇನರ್‌ಗಳನ್ನು ಒಟ್ಟಿಗೆ ಎಬ್ಬಿಸುವ ಡಾಕರ್ ಕಂಪೋಸ್ ಫೈಲ್‌ನಲ್ಲಿ ಕೊಟ್ಟ ಸರ್ವಿಸ್ ಹೆಸರು ಬಳಸಿ. ಕಾಫ್ಕಾದಲ್ಲಿ ಇನ್ನೊಂದು ಸುತ್ತು ಇದೆ. ಕ್ಲೈಂಟ್ ಮೊದಲು ನೀವು ಕೊಟ್ಟ ವಿಳಾಸಕ್ಕೆ ಹೋಗುತ್ತದೆ, ಬ್ರೋಕರ್ (ಕಾಫ್ಕಾ ಸರ್ವರ್) ತನ್ನ ಅಡ್ವರ್ಟೈಸ್ಡ್ ವಿಳಾಸ ಹೇಳುತ್ತದೆ, ಮುಂದಿನ ಮಾತೆಲ್ಲ ಆ ವಿಳಾಸಕ್ಕೇ. ಅಲ್ಲಿ ಲೋಕಲ್‌ಹೋಸ್ಟ್ ಅಂತಿದ್ದರೆ ಕಂಟೇನರ್ ತನ್ನನ್ನೇ ಹುಡುಕಿಕೊಂಡು ಹೋಗುತ್ತದೆ. ಕಂಟೇನರ್‌ಗಳಿಗೆ ಒಂದು, ಲ್ಯಾಪ್‌ಟಾಪ್‌ಗೆ ಒಂದು, ಹೀಗೆ ಎರಡು ಲಿಸನರ್ (ಬ್ರೋಕರ್ ಕನೆಕ್ಷನ್‌ಗೆ ಕಾಯುವ ವಿಳಾಸ) ಬೇರೆ ಬೇರೆ ಪೋರ್ಟ್‌ನಲ್ಲಿ ಇಡಿ.

ಪ್ರಶ್ನೆ: ಟೆಸ್ಟ್‌ನಲ್ಲಿ 5 ಸೆಕೆಂಡ್ ಸ್ಲೀಪ್ ಹಾಕಿದ್ದೆ, ಸಾಲಲಿಲ್ಲ. 10 ಮಾಡಲೇ?

ಬೇಡ. ಆಮೇಲೆ 20 ಕೇಳುತ್ತೀರಿ. ಕೆಲಸ ಆಯಿತಾ ಎಂದು ಪದೇ ಪದೇ ನೋಡಿ, ಆದ ಕೂಡಲೇ ಮುಂದೆ ಹೋಗಿ, ಒಂದು ಮಿತಿ ದಾಟಿದರೆ ಫೇಲ್ ಮಾಡಿ. ಸರ್ವರ್ ಏಳುವುದನ್ನು ಕಾಯಲು ಹೆಲ್ತ್‌ಚೆಕ್ ಬಳಸಿ. ಕಂಪೋಸ್‌ನ ಡಿಪೆಂಡ್ಸ್ ಆನ್ ಬರೀ ಹೆಸರಷ್ಟೇ ಕೊಟ್ಟರೆ ಕಂಟೇನರ್ ಶುರುವಾಯಿತಾ ಅಂತ ಮಾತ್ರ ನೋಡುತ್ತದೆ, ತಯಾರಾಯಿತಾ ಅಂತ ನೋಡುವುದಿಲ್ಲ.

ಪ್ರಶ್ನೆ: ಲೋಕಲ್ ಟೆಸ್ಟಿಂಗ್‌ಗೆ ಕಾಫ್ಕಾ ಒಳ್ಳೆಯದಾ, ರ‍್ಯಾಬಿಟ್‌ಎಂಕ್ಯೂನಾ?

ಪ್ರೊಡಕ್ಷನ್‌ನಲ್ಲಿ ಯಾವುದಿದೆಯೋ ಅದು. ವರ್ಷನ್ ಕೂಡ ಅದೇ.

ಪ್ರಶ್ನೆ: ಟೀಮಿನಲ್ಲಿ ಐದು ಜನ ಒಂದೇ ಡೆವಲಪ್‌ಮೆಂಟ್ ಕ್ಯೂ ಬಳಸುತ್ತೇವೆ. ನಾನು ಕಳಿಸಿದ ಮೆಸೇಜ್ ಆಗಾಗ ಮಾಯವಾಗುತ್ತದೆ. ಸರ್ವರ್ ಬದಲಾಯಿಸಬೇಕಾ?

ಪಕ್ಕದ ಕುರ್ಚಿಯವರ ವರ್ಕರ್ ಅದನ್ನು ಎತ್ತಿಕೊಂಡಿದೆ. ಅವರ ಲಾಗ್ ನೋಡಿ, ಸಿಗುತ್ತದೆ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕ್ಯೂ ಮಾಡಿಕೊಳ್ಳಿ.